ಫ್ರೀ ರಾತ್ರಿಯ ಲೆಕ್ಕ

ಹೋಟೆಲ್ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಮತ್ತೆ ಬಿಲ್ಲಿಗೆ ಬಂದಿದೆ. 3,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 3,540. ಬದಲಿಗೆ ವರ್ಷಕ್ಕೊಂದು ರಾತ್ರಿ ಫ್ರೀ. ಕೇಳೋಕೆ ಲಾಭವೇ, ಅಲ್ವಾ?

ಆ ಫ್ರೀ ರಾತ್ರಿಗೆ 15,000 ಪಾಯಿಂಟಿನ ಮಿತಿ. ಹೋಟೆಲಿನವರು ರೂಮಿನ ಬೆಲೆಯನ್ನು ತಮ್ಮ ಪಾಯಿಂಟಿನಲ್ಲೂ ಹೇಳ್ತಾರೆ; ಅದು ಇದಕ್ಕಿಂತ ಜಾಸ್ತಿ ಇದ್ದರೆ ಫ್ರೀ ಇಲ್ಲ. ದಸರೆಗೆ ಮೈಸೂರಿನಲ್ಲಿ ಹುಡುಕಿದೆ, ರೂಮಿಗೆ 19,000 ಪಾಯಿಂಟ್. ಡಿಸೆಂಬರ್ ರಜೆಗೆ ಕೊಡಗು? ಕೇಳಲೇಬೇಡಿ. ಸಿಗೋದು ಮಳೆಗಾಲದ ಮಂಗಳವಾರ. ಮಂಗಳವಾರ ನನಗೆ ರಜ ಕೊಡೋರು ಯಾರು?

ಹೋದ ವರ್ಷ ಅವಧಿ ಮುಗಿಯಲು ನಾಲ್ಕೇ ದಿನ ಇತ್ತು. ಬೆಂಗಳೂರಲ್ಲೇ, ಮನೆಯಿಂದ ಎಂಟು ಕಿಲೋಮೀಟರ್ ದೂರದ ಹೋಟೆಲಿಗೆ ಬ್ಯಾಗ್ ಹೊತ್ತುಕೊಂಡು ಹೋಗಿ ಮಲಗಿ ಬಂದೆವು. ತಿಂಡಿ ಮಾತ್ರ ಫ್ರೀ ಅಲ್ಲ. ಇಬ್ಬರಿಗೆ 1,800. ತಣ್ಣಗಾದ ದೋಸೆ ಮುರಿಯುತ್ತಾ ಹೆಂಡತಿ, "ಈ ರೂಮಿಗೆ ಬಾಡಿಗೆ ಎಷ್ಟ್ರೀ?" ಅಂದಳು. ನೋಡಿದೆ, 5,200. ಕಾಗದದ ಮೇಲೆ ನಾವು ಗೆದ್ದಿದ್ದೆವು. ಆದರೆ ಆ ರೂಮು ನಮಗೆ ಬೇಕೇ ಇರಲಿಲ್ಲವಲ್ಲ!

ಈ ಸಲ ಕ್ಯಾನ್ಸಲ್ ಮಾಡಿಯೇ ಬಿಡೋಣ ಅಂತ ಫೋನ್ ಮಾಡಿದೆ. "ಸರ್, 2,000 ಪಾಯಿಂಟ್ ಜಾಸ್ತಿ ಕೊಡ್ತೀವಿ" ಅಂದರು. ಆಯ್ತು ಅಂತ ಸುಮ್ನೆ ಫೋನ್ ಇಟ್ಟೆ. ಈಗ ಇನ್ನೊಂದು ಮಂಗಳವಾರ ಹುಡುಕಬೇಕು.