ಟೇಪು ಕತ್ತರಿಸಿದರೆ ಎಷ್ಟು ಕ್ಯಾಲರಿ?

ಮತ್ತೊಂದು ಪಾರ್ಕಿನಲ್ಲಿ ಮತ್ತೊಂದು ಬಯಲು ಜಿಮ್ ಲೋಕಾರ್ಪಣೆಯಾಗಿದೆ. ಫೋಟೊ ನೀವೂ ನೋಡಿರುತ್ತೀರಿ; ವಾರ್ಡು ಯಾವುದಾದರೂ ಫೋಟೊ ಒಂದೇ. ತಲೆಗೆ ಮೈಸೂರು ಪೇಟ, ಕೊರಳಿಗೆ ಹಾರ, ಗರಿಗರಿ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಸನ್ಮಾನ್ಯರು, ಜೋಲಾಡುವ ಎರಡು ಕಾಲುಪಟ್ಟಿಗಳ ಮೇಲೆ ನಿಂತು ಗಾಳಿಯಲ್ಲಿ ನಡೆಯುವ ಯಂತ್ರ ಹತ್ತಿದ್ದಾರೆ. ನಾಲ್ಕು ಹೆಜ್ಜೆ ಬೀಸಿದ್ದಾರೆ. ಬೀಳದಂತೆ ಹಿಡಿಯಲು ಆ ಕಡೆ ಐದು ಜನ, ಈ ಕಡೆ ಐದು ಜನ. ಆ ಯಂತ್ರವನ್ನು ಅದರ ಆಯುಷ್ಯದಲ್ಲಿ ಇಷ್ಟು ಮಂದಿ ಇಷ್ಟು ಕಾಳಜಿಯಿಂದ ನೋಡಿಕೊಳ್ಳುವುದು ಅದೊಂದೇ ದಿನ. ಮರುದಿನದಿಂದ ಅದಕ್ಕೆ ಮಳೆಯೇ ಗತಿ.

ಬೈಯುವ ಮೊದಲು ಆ ಯಂತ್ರಗಳ ಜಾಣ್ಮೆಗೆ ಕೈಮುಗಿಯಬೇಕು. ಎದೆ ಒತ್ತುವ ಕುರ್ಚಿಯನ್ನೇ ನೋಡಿ. ಕೂತು ಹಿಡಿಯನ್ನು ಮುಂದಕ್ಕೆ ತಳ್ಳಿದರೆ ನೀವು ಕೂತ ಸೀಟೇ ಮೇಲೇಳುತ್ತದೆ. ಪ್ಲೇಟಿಲ್ಲ, ಸ್ಪ್ರಿಂಗಿಲ್ಲ; ಎತ್ತಬೇಕಾದ್ದು ನಿಮ್ಮದೇ ಮೈಭಾರದ ಒಂದು ಪಾಲು. ಸನ್ನೆಕೋಲಿನ ಉದ್ದ ಕಾರ್ಖಾನೆಯಲ್ಲೇ ನಿಗದಿಯಾದ್ದರಿಂದ ಆ ಪಾಲನ್ನು ಹೆಚ್ಚಿಸುವ ದಾರಿಯೂ ಇಲ್ಲ. 90 ಕೆ.ಜಿ. ಆಸಾಮಿ ಬೆವರು ಸುರಿಸಿ 80ಕ್ಕೆ ಇಳಿದ ಅಂದುಕೊಳ್ಳಿ. ಯಂತ್ರ ಅವನಿಗೆ ಕೊಡುವ ಭಾರವೂ ಇಳಿಯಿತು! ತೋಳಿಗೆ ಬಲ ಬಂದಷ್ಟೂ ಕೆಲಸ ಹಗುರ. ವ್ಯಾಯಾಮದ ವಿದ್ಯೆಯೆಲ್ಲ ನಿಂತಿರುವುದು ಭಾರವನ್ನು ಚೂರುಚೂರೇ ಏರಿಸಬೇಕು ಎಂಬ ಒಂದೇ ಸೂತ್ರದ ಮೇಲೆ. 20 ಕೆ.ಜಿ. ಸರಳಿನ ಆ ತುದಿಗೊಂದು ಒಂದೂಕಾಲು ಕೆ.ಜಿ., ಈ ತುದಿಗೊಂದು ಒಂದೂಕಾಲು ಕೆ.ಜಿ. ಬಿಲ್ಲೆ ಏರಿಸುತ್ತ ಹೋದವನು ವರ್ಷ ಕಳೆಯುವಷ್ಟರಲ್ಲಿ ಬೇರೆ ಮನುಷ್ಯನಾಗಿರುತ್ತಾನೆ. ಆ ಸೂತ್ರವನ್ನು ತಲೆಕೆಳಗು ಮಾಡಿ ಕಾಂಕ್ರೀಟಿನಲ್ಲಿ ಹೂತ ಕೀರ್ತಿ ನಮ್ಮ ಪಾರ್ಕುಗಳದು.

ಪಕ್ಕದಲ್ಲೇ ಸೊಂಟ ತಿರುಗಿಸುವ ತಟ್ಟೆ. ಬೊಜ್ಜು ಕರಗುತ್ತದೆಂಬ ನಂಬಿಕೆಯಿಂದ ಜನ ಅದರ ಮೇಲೆ ನಿಂತು ಬುಗುರಿಯಾಗುತ್ತಾರೆ. ಸೊಂಟದ ಐದು ಕಶೇರುಗಳು ಒಟ್ಟು ಸೇರಿ ಒಂದು ಪಕ್ಕಕ್ಕೆ ತಿರುಗುವುದು ಹತ್ತು ಹದಿನೈದು ಡಿಗ್ರಿ ಮಾತ್ರ. ಮಿಕ್ಕ ತಿರುವನ್ನು ಮಂಡಿ, ತೊಡೆಸಂದು, ಎದೆಗೂಡು ಹಂಚಿಕೊಳ್ಳುತ್ತವೆ. ಅದರಲ್ಲೂ ತಿರುಗಿಸುತ್ತಿರುವುದು ಸ್ನಾಯುವಲ್ಲ, ತಟ್ಟೆಯ ವೇಗ. ಹೊಟ್ಟೆಯ ಕೊಬ್ಬಿಗೆ ಇದರ ಸುದ್ದಿಯೂ ಮುಟ್ಟುವುದಿಲ್ಲ.

ಈಗ ಗರಡಿಯ ಮಾತು. ಮೈಸೂರಿನಲ್ಲಿ, ದಾವಣಗೆರೆಯಲ್ಲಿ ಇವತ್ತಿಗೂ ಉಳಿದಿರುವ ಹಳೆಯ ಗರಡಿ ಮನೆಯೊಳಗೆ ಹೋದರೆ ಬೇರಿಂಗ್ ಎಂಬ ವಸ್ತುವೇ ಕಾಣದು. ಮಧ್ಯೆ ಕುಸ್ತಿಯಾಡುವ ಮಣ್ಣಿನ ಮಟ್ಟಿ, ಗೂಡಿನಲ್ಲಿ ಹನುಮಂತ, ಗೋಡೆಗೆ ಒರಗಿದ ಗದೆ, ಕಲ್ಲುಗುಂಡು, ಕೈಯಲ್ಲಿ ಹಿಡಿದು ತಿರುಗಿಸುವ ಮರದ ಜೋಡಿ ಕರೇಲ. ಮಟ್ಟಿಯ ಮಣ್ಣು ಸುಮ್ಮನೆ ತಂದು ಸುರಿದದ್ದಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಕುಂಕುಮ, ಎಳ್ಳೆಣ್ಣೆ, ತುಪ್ಪ, ಹಾಲು, ಮಜ್ಜಿಗೆ, ನಿಂಬೆರಸ ಬೆರೆಸುತ್ತಾರೆ. ಊರಿಗೊಂದು, ಉಸ್ತಾದರಿಗೊಂದು ಲೆಕ್ಕ. ಎಣ್ಣೆಯ ಜಿಡ್ಡಿಗೆ ಧೂಳು ಏಳುವುದಿಲ್ಲ, ಮಣ್ಣು ಗಟ್ಟಿಯಾಗುವುದಿಲ್ಲ. ಆದರೆ ನಾಲ್ಕು ದಿನ ಅಗೆಯದೆ ಬಿಟ್ಟರೆ ಎಂಥ ಮಣ್ಣೂ ಕೂತುಬಿಡುತ್ತದೆ, ಕೂತ ಮಣ್ಣಿನ ಮೇಲೆ ಬೆನ್ನಡಿಯಾಗಿ ಬಿದ್ದವನ ಹೆಗಲೆಲುಬು ಉಳಿಯುವುದಿಲ್ಲ. ಆದ್ದರಿಂದ ಹೊಸ ಹುಡುಗನಿಗೆ ಮೊದಲಿಗೆ ಪಟ್ಟು ಕಲಿಸುತ್ತಿರಲಿಲ್ಲ, ಗುದ್ದಲಿ ಕೊಡುತ್ತಿದ್ದರು. ಇಡೀ ಮಟ್ಟಿ ಅಗೆದು, ಹೆಂಟೆ ಒಡೆದು, ಹಲಗೆ ಎಳೆದು ಸಮ ಮಾಡುವಷ್ಟರಲ್ಲಿ ಬೆನ್ನು, ಹಿಡಿತ, ಉಸಿರು ಮೂರಕ್ಕೂ ಸಾಮು ಆಗಿರುತ್ತಿತ್ತು. ಆಮೇಲೆ ದಂಡ, ಬಸ್ಕಿ.

ಅಂದರೆ ಗರಡಿಯಲ್ಲಿ ನಿರ್ವಹಣೆಯೇ ವ್ಯಾಯಾಮದ ಮೊದಲ ಪಾಠ. ಇದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಅದೇ ಅದರ ದೋಷ. ಯಾವ ಮಟ್ಟಿಯ ಮಣ್ಣನ್ನೂ ಮುಟ್ಟದೆ ‘ಹಿರಿಯರ ಗರಡಿಯಲ್ಲಿ ಪಳಗಿದ’ ನಾಯಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಗರಡಿ ನೆನಪಾಗುವುದು ದಸರಾ ಕುಸ್ತಿಯ ವೇದಿಕೆ ಹತ್ತುವಾಗ. ಅರಮನೆಯಂಗಳದಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಮೊದಲ ಹನಿ ರಕ್ತ ಕಂಡ ಕೂಡಲೇ ನಿಲ್ಲುತ್ತದೆ. ವೇದಿಕೆಯ ಭಾಷಣಕ್ಕೆ ಅಂಥ ನಿಯಮವೇನೂ ಇಲ್ಲ.

ಗರಡಿಯ ಸರಂಜಾಮು ಹೊರದೇಶ ಕಂಡ ಬಗೆಯೇ ಸ್ವಾರಸ್ಯವಾಗಿದೆ. ಬ್ರಿಟಿಷ್ ಸೈನ್ಯದವರು 19ನೇ ಶತಮಾನದಲ್ಲಿ ನಮ್ಮ ಪೈಲ್ವಾನರು ಕರೇಲ ತಿರುಗಿಸುವುದನ್ನು ನೋಡಿ, ಹಗುರ ಮಾಡಿಸಿಕೊಂಡು ಕವಾಯತಿಗೆ ಸೇರಿಸಿದರು. ಅಲ್ಲಿಂದ ಅದು ಇಂಗ್ಲೆಂಡು, ಅಮೆರಿಕದ ಶಾಲೆಗಳಿಗೆ ಹೋಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಸ್ಪರ್ಧೆಯೂ ಆಯಿತು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದದ್ದು ಅಮೆರಿಕದ ಜಾರ್ಜ್ ರಾತ್. ಆರ್ಥಿಕ ಕುಸಿತದ ಕಾಲ, ಕೆಲಸವಿಲ್ಲದ ಮನುಷ್ಯ. ಪದಕ ಹಾಕಿಸಿಕೊಂಡು ಕ್ರೀಡಾಂಗಣದಿಂದ ಹೊರಬಂದವನು ಯಾರದೋ ಕಾರಿಗೆ ಕೈ ಅಡ್ಡ ಹಾಕಿ ಮನೆ ಸೇರಿದನಂತೆ. ಈಗ ಅದೇ ಕರೇಲ, ಅದೇ ಗದೆ ಉಕ್ಕಿನ ಮೈ, ರಬ್ಬರ್ ಹಿಡಿ ತೊಟ್ಟು ಬೆಂಗಳೂರಿನ ಜಿಮ್ಮಿಗೆ ವಾಪಸು ಬಂದಿವೆ. ತಿರುಗಿಸಲು ಹೇಳಿಕೊಡುವವನಿಗೆ ವಿದೇಶಿ ಸರ್ಟಿಫಿಕೇಟು ಬೇಕು. ನಾಲ್ಕು ಬೀದಿ ಆಚೆಯ ಗರಡಿಯಲ್ಲಿ ಉಸ್ತಾದರು ಪುಕ್ಕಟೆ ಹೇಳಿಕೊಡುತ್ತಾರೆ. ಆದರೆ ಅಲ್ಲಿ ಪಾರ್ಕಿಂಗ್ ಇಲ್ಲ.

ಟ್ರೆಡ್‌ಮಿಲ್ಲಿನ ಜಾತಕವಂತೂ ಇನ್ನೂ ಚೆನ್ನ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಅದರ ಹಿರೀಕನನ್ನು ಕಟ್ಟಿದ್ದು ಜೈಲಿನ ಕೈದಿಗಳನ್ನು ದುಡಿಸಲು. ಮೆಟ್ಟಿಲುಗಳಿದ್ದ ದೊಡ್ಡ ಚಕ್ರ. ಕೈದಿಗಳು ಸಾಲಾಗಿ ನಿಂತು ಗಂಟೆಗಟ್ಟಲೆ ಹತ್ತಬೇಕು, ಎಲ್ಲಿಗೂ ಮುಟ್ಟಬಾರದು. ಇದು ಅಮಾನುಷ ಎನಿಸಿ 20ನೇ ಶತಮಾನ ಹುಟ್ಟುತ್ತಲೇ ಬ್ರಿಟನ್ನಿನ ಜೈಲುಗಳು ಕೈಬಿಟ್ಟವು. ಈಗ ನಾವು ಅದನ್ನೇ ವರ್ಷದ ಚಂದಾ ಕಟ್ಟಿ, ಎದುರಿಗೊಂದು ಟಿ.ವಿ. ಇಡಿಸಿಕೊಂಡು, ಕಿವಿಗೆ ಹಾಡು ತುರುಕಿಕೊಂಡು ಅನುಭವಿಸುತ್ತಿದ್ದೇವೆ. ಬೆಲ್ಟಿನಡಿ ಸಿಲಿಕೋನ್ ಎಣ್ಣೆ ಹಾಕುವ ನೆನಪು ಯಾರಿಗೂ ಇರುವುದಿಲ್ಲ. ಒಣಗಿದ ಬೆಲ್ಟು ಹಲಗೆಗೆ ಉಜ್ಜಿ, ಮೋಟಾರು ಹೆಚ್ಚು ಕರೆಂಟು ಎಳೆದು, ಒಂದು ದಿನ ಕಂಟ್ರೋಲ್ ಬೋರ್ಡು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಅದರ ಮೇಲೊಂದು ಚೀಟಿ: ‘ದುರಸ್ತಿಯಲ್ಲಿದೆ’. ಅಪಾರ್ಟ್‌ಮೆಂಟಿನ ಕ್ಲಬ್ ಹೌಸುಗಳಲ್ಲಿ ಆ ಚೀಟಿಗೇ ಲ್ಯಾಮಿನೇಶನ್ ಮಾಡಿಸಿರುತ್ತಾರೆ.

ಬೆವರದೆ ಮೈ ಇಳಿಸುವ ಆಸೆಯೂ ಹೊಸದಲ್ಲ. ಸ್ವೀಡನ್ನಿನ ಗುಸ್ತಾವ್ ಜಾಂಡರ್ 19ನೇ ಶತಮಾನದಲ್ಲೇ ಯಂತ್ರವೇ ಕೈಕಾಲು ಆಡಿಸಿಕೊಡುವ ವ್ಯಾಯಾಮಶಾಲೆ ತೆರೆದಿದ್ದ. ಟೈಟಾನಿಕ್ ಹಡಗಿನ ಜಿಮ್ಮಿನಲ್ಲಿ ಒಂಟೆಯ ಹಾಗೆ ಓಲಾಡಿಸುವ ಯಂತ್ರ, ವಿದ್ಯುತ್ ಒಂಟೆ, ಇತ್ತು. ಸಮುದ್ರದ ನಡುವೆ ಕೋಟು ಹಾಕಿಕೊಂಡು ಒಂಟೆ ಸವಾರಿ. ನಮ್ಮ ಟೆಂಡರು ಬರೆಯುವವರ ಕಣ್ಣಿಗೆ ಇದು ಬೀಳದಿರಲಿ.

ಬೆಂಗಳೂರಿಗೆ ಆಧುನಿಕ ಮೈಕಟ್ಟಿನ ಹುಚ್ಚು ಹಿಡಿಸಿದವರು ಕೆ.ವಿ. ಅಯ್ಯರ್. ಮೈಕಟ್ಟಿನ ಪ್ರದರ್ಶನಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದ ಯೂಜೆನ್ ಸ್ಯಾಂಡೋ 1904–05ರಲ್ಲಿ ಇಂಡಿಯಾ ಸುತ್ತಿ ಹೋದ ಮೇಲೆ ದೇಶದ ತುಂಬ ಎದ್ದ ಗಾಳಿಯಲ್ಲಿ ಬೆಳೆದವರು ಅವರು. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ತಂದರು, ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸಿದರು, ತಮ್ಮದೇ ಮೈಯ ಫೋಟೊಗಳನ್ನು ಅಚ್ಚು ಹಾಕಿಸಿದರು. ಇವತ್ತಿನ ರೀಲ್ಸ್ ಕೋಚುಗಳು ಮಾಡುವುದೂ ಅದನ್ನೇ ಎನ್ನಬಹುದು, ಒಂದು ವ್ಯತ್ಯಾಸ ಬಿಟ್ಟು: ಅಯ್ಯರ್ ಉಳಿದ ಹೊತ್ತಿನಲ್ಲಿ ಕನ್ನಡದಲ್ಲಿ ಕಾದಂಬರಿ ಬರೆದರು. ಇವರಿಗೆ ರೀಲಿನ ಕೆಳಗಿನ ಎರಡು ಸಾಲು ಬರೆಯಲೂ ಬೇರೆಯವರು ಬೇಕು.

ಆಮೇಲೆ ಬಂತು ಸರ್ಕಾರಿ ಮಲ್ಟಿ ಜಿಮ್ ಯುಗ. ಜಿಲ್ಲಾ ಕ್ರೀಡಾಂಗಣಕ್ಕೊಂದು 12 ಅಥವಾ 16 ಸ್ಟೇಷನ್ನಿನ ಕಬ್ಬಿಣದ ಪಂಜರ. ಮೊದಲು ಹೋಗುವುದು ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ, ಆಮೇಲೆ ತಂತಿಯ ಎಳೆ ಒಂದೊಂದಾಗಿ, ಕೊನೆಗೆ ಭಾರ ಆರಿಸುವ ಪಿನ್ನು ಕಳೆದು ಅದರ ಜಾಗಕ್ಕೆ ಮೂರಿಂಚಿನ ಮೊಳೆ. ಕೋಣೆಗೆ ಬೀಗ, ಬೀಗದ ಕೈ ರಜೆಯ ಮೇಲಿರುವ ಸಿಬ್ಬಂದಿಯ ಜೇಬಿನಲ್ಲಿ. ಆ ಯುಗದ ಬಗ್ಗೆ ಇಷ್ಟು ಸಾಕು.

ಖಾಸಗಿ ಜಿಮ್ಮಿಗೆ ಬನ್ನಿ. ಇಲ್ಲಿ ಉಡುಪಿನದೇ ದರ್ಬಾರು. ಲಂಗೋಟಿ ಹೋಗಿ ಬನಿಯನ್ ಬಂತು, ಬನಿಯನ್ ಹೋಗಿ ಲೈಕ್ರಾ ಬಂತು. ಈಗ ಉಸಿರು ಬಿಗಿಯುವ ಕಂಪ್ರೆಷನ್ ಅಂಗಿ. ಸೊಂಟಕ್ಕೆ ಅಗಲ ಬೆಲ್ಟು ಕಟ್ಟಿ ಐದು ಕೆ.ಜಿ. ಡಂಬೆಲ್ಲಿನಲ್ಲಿ ತೋಳು ಮಡಚುವವರಿದ್ದಾರೆ. ಆ ಬೆಲ್ಟು ಬೆನ್ನಿಗೆ ಊರುಗೋಲಲ್ಲ. ಉಸಿರು ತುಂಬಿ ಹೊಟ್ಟೆಯನ್ನು ಬೆಲ್ಟಿಗೆ ಒತ್ತಿದಾಗ ಒಳಗೆ ಒತ್ತಡ ಹುಟ್ಟಿ ಬೆನ್ನುಮೂಳೆ ಗಟ್ಟಿ ನಿಲ್ಲುತ್ತದೆ. ಅದು ಬೇಕಾಗುವುದು ಭಾರೀ ಬಸ್ಕಿಗೆ, ನೆಲದಿಂದ ಭಾರ ಎತ್ತುವುದಕ್ಕೆ. ಓಡುವ ಶೂ ಹಾಕಿಕೊಂಡು ಆ ಭಾರೀ ಬಸ್ಕಿ ಹೊಡೆಯುವವರೂ ಇದ್ದಾರೆ. ಮೆತ್ತನೆಯ ಅಡಿ ಭಾರಕ್ಕೆ ಒಂದು ಕಡೆ ಕುಸಿದು ಹಿಮ್ಮಡಿ ವಾಲುತ್ತದೆ, ಹಿಂದೆಯೇ ಮಂಡಿ ಒಳಕ್ಕೆ ಬೀಳುತ್ತದೆ. ಗರಡಿಯವರು ಬರಿಗಾಲಲ್ಲಿ ನಿಂತದ್ದೇ ಸರಿ ಎಂದು ಈಗ ಕಂಪನಿಗಳಿಗೂ ಅರಿವಾಗಿ, ಬರಿಗಾಲಿನ ಅನುಭವ ಕೊಡುವ ಶೂ ಮಾರುತ್ತಿವೆ. ಸಾವಿರಾರು ರೂಪಾಯಿ. ಚಪ್ಪಲಿ ಬಿಟ್ಟರೆ ಪುಕ್ಕಟೆ ಸಿಗುತ್ತಿತ್ತು.

ಪೈಲ್ವಾನರ ಹಾಲು, ಬಾದಾಮಿ, ನೆನೆಸಿದ ಕಡಲೆಯ ಜಾಗಕ್ಕೆ ವೇ ಪ್ರೋಟೀನ್ ಡಬ್ಬಿ ಬಂದು ಕೂತಿದೆ. ಚೀಸ್ ತಯಾರಿಸಿದ ಮೇಲೆ ಉಳಿಯುವ ನೀರಿನಿಂದ ಸೋಸಿದ ಪುಡಿ ಅದು. ಒಂದು ಕಾಲದಲ್ಲಿ ಆ ನೀರನ್ನು ಹಂದಿಗೆ ಕುಡಿಸುತ್ತಿದ್ದರು, ಇಲ್ಲವೇ ಹೊಳೆಗೆ ಬಿಡುತ್ತಿದ್ದರು. ಪುಡಿ ಕೆಟ್ಟದ್ದಲ್ಲ, ಡಬ್ಬಿಯ ಒಂದು ಅಳತೆ ಚಮಚೆಗೆ 25 ಗ್ರಾಂ ಆಸುಪಾಸು ಪ್ರೋಟೀನ್ ಸಿಗುತ್ತದೆ. ತಿಂಗಳಿಗೆ ಮೂರು ದಿನ ಜಿಮ್ಮಿಗೆ ಹೋಗುವವನು ದಿನಕ್ಕೆ ಎರಡು ಸಲ ಕುಡಿಯುವುದಷ್ಟೇ ಕೆಟ್ಟದ್ದು. ಆದರೆ ಆ ಮೂರು ದಿನದವನೇ ಜಿಮ್ಮಿನ ಕುಲದೇವರು. ಶುಲ್ಕ ಕಟ್ಟಿದವರೆಲ್ಲ ದಿನಾ ಬಂದರೆ ನಿಲ್ಲಲು ಜಾಗ ಸಾಲದು. ಬಾಡಿಗೆ, ಕರೆಂಟು, ಎ.ಸಿ. ನಡೆಯುವುದೇ ಬಾರದವರ ದುಡ್ಡಿನಲ್ಲಿ. ‘12 ತಿಂಗಳಿಗೆ ಕಟ್ಟಿದರೆ 3 ತಿಂಗಳು ಉಚಿತ’ ಎನ್ನುವ ಔದಾರ್ಯದ ಗುಟ್ಟೂ ಇದೇ. 2025ರ ಸೆಪ್ಟೆಂಬರ್ 22ರಿಂದ ಜಿಮ್ಮಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ಜನ ಹಿಗ್ಗಿದರು. ಜತೆಗೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟೂ ಹೋಯಿತು ಎಂಬುದನ್ನು ಯಾರೂ ಓದಲಿಲ್ಲ. ಬಾಡಿಗೆಗೆ, ಯಂತ್ರಕ್ಕೆ ತಾನು ಕಟ್ಟಿದ ತೆರಿಗೆ ಇನ್ನು ವಜಾ ಆಗುವುದಿಲ್ಲವಾದ್ದರಿಂದ ಮೂಲ ಶುಲ್ಕ ಏರಿಸಲು ಮಾಲೀಕನಿಗೆ ಕಾರಣ ಸಿಕ್ಕಿತು.

ಆಯಿತು, ಖಾಸಗಿಯವರು ವ್ಯಾಪಾರಿಗಳು. ಅವರನ್ನು ನಂಬಿ ಹೋಗುವುದು ನಮ್ಮ ಹಣೆಬರಹ. ಪಾರ್ಕಿನ ಕಬ್ಬಿಣಕ್ಕೆ ಕೊಟ್ಟದ್ದು ನಮ್ಮೆಲ್ಲರ ತೆರಿಗೆ. ಆ ಗಾಳಿನಡಿಗೆ ಯಂತ್ರದಲ್ಲಿ ಹಾಳಾಗುವುದು ಕೆಲವು ನೂರು ರೂಪಾಯಿಯ ಬೇರಿಂಗು. ಮಳೆನೀರು ಒಳಗಿಳಿದು ಗ್ರೀಸ್ ತೊಳೆಯುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ, ಕಾಲುಪಟ್ಟಿ ಅಡ್ಡಡ್ಡ ಅಲ್ಲಾಡತೊಡಗುತ್ತದೆ, ಆ ಅಲ್ಲಾಟಕ್ಕೆ ತಿರುಗಣೆಯ ಬೆಸುಗೆ ಬಿರುಕು ಬಿಡುತ್ತದೆ. ಇಷ್ಟೆಲ್ಲ ಆಗಲು ವರ್ಷಗಳು ಹಿಡಿಯುತ್ತವೆ; ಅಷ್ಟೂ ವರ್ಷ ಅದು ಕಿರ್‍ರೋ ಎಂದು ಇಡೀ ಬಡಾವಣೆಗೆ ಕೇಳುವಂತೆ ಕೂಗುತ್ತಿರುತ್ತದೆ. ಹೊಸದು ಹಾಕಲು ಅನುದಾನವಿದೆ, ಇದ್ದದ್ದಕ್ಕೆ ಗ್ರೀಸ್ ಹಚ್ಚಲು ಬಾಬ್ತು ಇಲ್ಲ. ಗುತ್ತಿಗೆದಾರನ ಹೊಣೆಗಾರಿಕೆಯ ಅವಧಿ ಮುಗಿಯಿತು ಅಂದರೆ ಮುಗಿಯಿತು. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು, ಪಾಲಿಕೆಯೇ 2025ರಲ್ಲಿ ಐದು ಹೋಳಾಯಿತು. ಯಂತ್ರದ ಮೇಲಿನ ಫಲಕದಲ್ಲಿ ಮಾತ್ರ ಅವರ ಹೆಸರು ಮಾಸದೆ ಕೂತಿದೆ. ಹೆಸರಿಗೆ ಬಳಸಿದ ಬಣ್ಣವನ್ನೇ ಬೆಸುಗೆಗೂ ಬಳಿಯಬಾರದಿತ್ತೇ?

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಂಜೆ ಆ ಯಂತ್ರಗಳ ಮೇಲೆ ಆಡುವುದು ಮಕ್ಕಳು. ಬೀಸುವ ಕಾಲುಪಟ್ಟಿ ಪಕ್ಕದಲ್ಲಿ ನಿಂತ ಪುಟ್ಟ ಮಗುವಿಗೆ ಬಡಿಯಬಹುದು. ಮೈಗೆ ಕಬ್ಬಿಣ ತಗುಲಿ ಗಾಯವಾದ ಮೇಲೆ ಅಧಿಕಾರಿಗಳು ಬರುತ್ತಾರೆ, ಹಗ್ಗ ಕಟ್ಟುತ್ತಾರೆ, ಹೋಗುತ್ತಾರೆ. ಅದೇ ವಾರ ಪಕ್ಕದ ವಾರ್ಡಿನಲ್ಲಿ ಇನ್ನೊಂದು ಟೇಪು ಕತ್ತರಿಸುತ್ತಾರೆ. ಅತ್ತ ಮಾಜಿ ಪೈಲ್ವಾನರು ಮಾಸಾಶನಕ್ಕಾಗಿ ಕಚೇರಿ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಹಳೆಯ ಗರಡಿಗಳ ಹೆಂಚು ಒಂದೊಂದೇ ಉದುರುತ್ತದೆ.

ಪಾರ್ಕಿಗೆ ನಿಜವಾಗಿ ಬೇಕಾದ್ದು ಎರಡು ಗಟ್ಟಿ ಕಂಬ, ನಡುವೆ 30 ಮಿ.ಮೀ. ದಪ್ಪದ ಒಂದು ಸರಳು, ನೆಲದಿಂದ ಏಳೂವರೆ ಅಡಿ ಎತ್ತರದಲ್ಲಿ, ಪಕ್ಕದಲ್ಲಿ ಎದೆಮಟ್ಟಕ್ಕೆ ಜೋಡಿ ಸರಳು, ಕೆಳಗೆ ಮರಳು. ಜೋತುಬೀಳಬಹುದು, ಮೇಲೆಳೆದುಕೊಳ್ಳಬಹುದು, ಕಾಲೆತ್ತಬಹುದು. ತಿರುಗುವ ಭಾಗ ಒಂದೂ ಇಲ್ಲ, ಆದ್ದರಿಂದ ಕೆಡುವುದೂ ಇಲ್ಲ. ಬೀದಿ ತುದಿಯ ವೆಲ್ಡಿಂಗ್ ಅಂಗಡಿಯವನು ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಇಷ್ಟು ಅಗ್ಗದ, ಇಷ್ಟು ಬಾಳುವ ವಸ್ತುವಿನಲ್ಲಿ ಯಾರ ಹೊಟ್ಟೆ ತುಂಬಬೇಕು ಹೇಳಿ.

ಅಲ್ಲಿಯವರೆಗೆ ಇರುವುದನ್ನೇ ಹತ್ತುವವರು ಮೊದಲು ಆಡುವ ಹಿಡಿಯನ್ನೋ ಕಾಲುಪಟ್ಟಿಯನ್ನೋ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಬೆರಳಗಲ ಆಡಿದರೆ ಬೇರಿಂಗ್ ಹೋಗಿದೆ. ಬಗ್ಗಿ ಕಂಬದ ಬುಡ ನೋಡಿ, ನೀರು ನಿಲ್ಲುವ ಕಡೆ ಬೋಲ್ಟಿನ ತಲೆ ಪುಡಿಯಾಗಿದ್ದರೆ ಹತ್ತಬೇಡಿ. ಬೀಸಿನ ತುದಿಯಲ್ಲಿ ತಡೆಯುವ ರಬ್ಬರ್ ಗುಬುಟು ಇದೆಯೇ ಎಂದು ಬೆರಳಿಟ್ಟು ಮುಟ್ಟಿ. ಬಣ್ಣ ಹೊಚ್ಚಹೊಸದಾಗಿದ್ದರೆ ಇನ್ನೂ ಹುಷಾರು, ಬಿರುಕು ಅದರ ಕೆಳಗಿರುತ್ತದೆ.