ಪೈಜಾಮಾದಲ್ಲಿ ಕುದುರಿದ ಒಪ್ಪಂದ

ಯುರೋಪನ್ನು ರಿಪೇರಿ ಮಾಡಲೆಂದು 1922ರ ಏಪ್ರಿಲ್‌ನಲ್ಲಿ ಇಟಲಿಯ ಜಿನೋವಾದಲ್ಲಿ 34 ದೇಶಗಳ ಜಾತ್ರೆ ನೆರೆಯಿತು. ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಅವರದೇ ಯಜಮಾನಿಕೆ. ಮೊದಲ ಮಹಾಯುದ್ಧ ಸೋತ ಜರ್ಮನಿಗೂ ಕರೆ ಹೋಗಿತ್ತು, ತ್ಸಾರ್ ಚಕ್ರವರ್ತಿಗಳ ಕಾಲದ ಸಾಲಕ್ಕೆ ಕೈಯೆತ್ತಿದ್ದ ಸೋವಿಯತ್ ರಷ್ಯಾಕ್ಕೂ ಹೋಗಿತ್ತು. ಕರೆದವರು ಜರ್ಮನ್ನರನ್ನು ಪಂಕ್ತಿಯಲ್ಲಿ ಕೂರಿಸಿದರು, ಬಡಿಸುವುದನ್ನು ಮಾತ್ರ ಮರೆತರು.

ಮರೆವೆಂದರೆ ಅಂತಿಂಥದ್ದಲ್ಲ. ಲಾಯ್ಡ್ ಜಾರ್ಜ್ ಬಿಡಾರ ಹೂಡಿದ್ದ ವಿಲ್ಲಾದಲ್ಲಿ ಫ್ರಾನ್ಸ್, ಇಟಲಿ, ಬೆಲ್ಜಿಯಂನವರೆಲ್ಲ ಸೇರಿ ರಷ್ಯನ್ನರ ಜೊತೆ ಬಾಗಿಲು ಹಾಕಿಕೊಂಡು ಮಾತಿಗೆ ಕೂತರು. ಜರ್ಮನ್ನರಿಗೆ ಪ್ರವೇಶವಿಲ್ಲ. ಇನ್ನು ಮುಂದೆ ಒಪ್ಪಂದಗಳೆಲ್ಲ ಬಹಿರಂಗ ಎಂದು ಅಮೆರಿಕದ ಅಧ್ಯಕ್ಷ ವಿಲ್ಸನ್ ಸಾರಿ ಆಗಿನ್ನೂ ನಾಲ್ಕೇ ವರ್ಷ!

ಶನಿವಾರ ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ ಜರ್ಮನ್ನರ ಹೋಟೆಲಿನ ಫೋನ್ ಗಣಗಣ ಎಂದಿತು. ಆ ಕಡೆ ರಷ್ಯನ್ನರು. ಬೆಳಗಾದರೆ ಬನ್ನಿ, ಮುಗಿಸಿಬಿಡೋಣ ಎಂಬ ಆಹ್ವಾನ. ವಿದೇಶಾಂಗ ಸಚಿವ ರಾಥೆನೌ ಕೋಣೆಯಲ್ಲಿ ಅರೆನಿದ್ದೆಯ ರಾಜತಾಂತ್ರಿಕರು ಪೈಜಾಮಾದಲ್ಲೇ ಸಭೆ ನಡೆಸಿದರು. ಅದಕ್ಕೆ 'ಪೈಜಾಮಾ ಪಾರ್ಟಿ' ಎಂದೇ ಹೆಸರು ಬಿತ್ತು. ಮರುದಿನ, ಏಪ್ರಿಲ್ 16ರ ಈಸ್ಟರ್ ಭಾನುವಾರ, ರಾಥೆನೌ ಮತ್ತು ರಷ್ಯಾದ ವಿದೇಶಾಂಗ ಸಚಿವ ಚಿಚೇರಿನ್ ಸಹಿ ಹಾಕಿದರು. ಆರೇ ಕಲಮು: ಯುದ್ಧದ ಲೆಕ್ಕ ಪರಸ್ಪರ ಚುಕ್ತಾ, ರಾಯಭಾರ ಸಂಬಂಧ ಮತ್ತೆ ಶುರು. ಅತ್ತ ಜಾತ್ರೆ ಮೇ 19ರವರೆಗೂ ನಡೆಯಿತು. ಕೈಗೆ ಏನು ಹತ್ತಿತು ಅಂತ ಮಾತ್ರ ಕೇಳಬೇಡಿ.

ಸುದ್ದಿ ಹೊರಬಿದ್ದದ್ದೇ ತಡ, ಗುಟ್ಟಾಗಿ ಸಹಿ ಹಾಕುವುದೇ, ನಂಬಿಕೆದ್ರೋಹ ಎಂದು ವಿಲ್ಲಾದ ಮಹನೀಯರೇ ಬಾಯಿ ಬಡಿದುಕೊಂಡರು. ತಾನು ಕಳ್ಳ, ಪರರ ನಂಬ!

ಇಷ್ಟಕ್ಕೂ ಸಹಿ ಬಿದ್ದದ್ದು ಪಕ್ಕದ ಸಾಂತಾ ಮಾರ್ಗರಿಟಾದ ಐಷಾರಾಮಿ ಇಂಪೀರಿಯಲ್ ಹೋಟೆಲಿನಲ್ಲಿ. ಚಕ್ರವರ್ತಿಯನ್ನು ಕಿತ್ತೊಗೆದವರು ಇಳಿದುಕೊಂಡದ್ದು ಅಲ್ಲೇ, ಇರಲಿ ಬಿಡಿ. ಹೆಸರು ಮಾತ್ರ ನೆರೆಯೂರು ರಪಾಲೊದ್ದು, ರಪಾಲೊ ಒಪ್ಪಂದ. ಪಾಪ, ಆ ಕಡಲೂರಿಗೆ ತನ್ನದೇ ಆದ ಒಪ್ಪಂದ 1920ರಲ್ಲೇ ಆಗಿತ್ತು. ಇಟಲಿ ಮತ್ತು ಯುಗೊಸ್ಲಾವರು ಗಡಿ ಹಂಚಿಕೊಂಡದ್ದು ಅಲ್ಲಿ. ಫ್ಯೂಮೆ ನಗರ ಹಿಡಿದು ಕೂತಿದ್ದ ಇಟಲಿಯ ಕವಿ ದನ್ನುಂಜಿಯೊ ಅದನ್ನು ಒಪ್ಪದೆ ಇಟಲಿಯ ಮೇಲೆಯೇ ಯುದ್ಧ ಸಾರಿದ. ಇಷ್ಟು ಮಜವಾದ ಒಪ್ಪಂದ ಯಾರಿಗೂ ನೆನಪಿಲ್ಲ. ಶತಮಾನದ ನಂತರ ಜರ್ಮನಿ ರಷ್ಯಾದಿಂದ ಗ್ಯಾಸ್ ಪೈಪು ಎಳೆದಾಗಲೂ ಪತ್ರಿಕೆಗಳು 'ಇನ್ನೊಂದು ರಪಾಲೊ' ಎಂದೇ ಬೊಬ್ಬೆ ಹೊಡೆದವು. ಕೆಟ್ಟ ಹೆಸರು ರಪಾಲೊಗೆ, ಹೋಟೆಲ್ ಬಾಡಿಗೆ ಸಾಂತಾ ಮಾರ್ಗರಿಟಾಗೆ.