ಕೀ ಕೇಳಲೇ ಇಲ್ವಲ್ಲೋ!

ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ, ಬಿಟ್ಟಿ ಸಿಗುವ ಸಾಫ್ಟ್‌ವೇರ್ ಉಬುಂಟುವನ್ನು 799 ರೂಪಾಯಿ ಕೊಟ್ಟು ಆನ್‌ಲೈನ್ ಅಂಗಡಿಯಿಂದ ತರಿಸಿದ್ದಾರೆ ನಮ್ಮಪ್ಪ. ನಿನ್ನೆಯಿಂದ ನನಗೆ ಹೊಟ್ಟೆ ಉರೀತಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅಪ್ಪನ ಹಳೇ ಲ್ಯಾಪ್‌ಟಾಪ್ 11ನ್ನು ಹತ್ತಿರಕ್ಕೇ ಸೇರಿಸಲ್ಲ. ಉಬುಂಟು ಹಾಕಿಕೊಡ್ತೀನಿ, ದುಡ್ಡು ಕೊಡೋ ಹಾಗಿಲ್ಲ ಅಂದೆ. ಅಪ್ಪನ ಮುಖ ಗಂಟಾಯಿತು. ಬಿಲ್ ಇಲ್ಲದ ಯಾವ ವಸ್ತುವನ್ನೂ ಅವರು ಈವರೆಗೆ ಮನೆಯೊಳಗೆ ಬಿಟ್ಟವರಲ್ಲ. ನಾನು ಆಫೀಸಿಗೆ ಹೋದಾಗ ಆರ್ಡರ್ ಮಾಡಿಬಿಟ್ಟರು. ಡೆಲಿವರಿ ಹುಡುಗ ಸಾಲಗಾಮೆ ರಸ್ತೆಯಲ್ಲಿ ನಿಂತು ದಾರಿ ಕೇಳಿದ್ದು, ಓಟಿಪಿ ಬರದೆ ಇಬ್ಬರೂ ಗೇಟಿನಲ್ಲೇ ಕಾದದ್ದು ನಿಮಗೂ ಗೊತ್ತಿರೋದೇ, ಬಿಡಿ.

ಬಂದದ್ದು ಒಂದು ಪೆನ್‌ಡ್ರೈವ್, ಜೊತೆಗೆ ಉಜ್ಜಿ ನೋಡುವ ಕಾರ್ಡು. ಅದರಲ್ಲಿ 'ಆಕ್ಟಿವೇಶನ್ ಕೀ', ಅಂದರೆ ಕೊಂಡ ಸಾಫ್ಟ್‌ವೇರ್ ಚಾಲೂ ಮಾಡುವ ಗುಟ್ಟಿನ ಕೋಡ್! ಉಬುಂಟುಗೆ ಕೀ ಇರೋದೇ ಇಲ್ಲಪ್ಪಾ ಅಂದರೆ ಕೇಳಬೇಕಲ್ಲ. ನಾಣ್ಯದಲ್ಲಿ ಉಜ್ಜಿ, ಕನ್ನಡಕ ಹಾಕಿಕೊಂಡು, ಕಾರ್ಡು ಹಿಡಿದು ನನ್ನ ಪಕ್ಕದಲ್ಲೇ ಕೂತರು. ಭಾಷೆ ಕೇಳಿತು. "ಈಗ ಹೇಳ್ಲಾ?" ಬೇಡ. ವೈಫೈ ಕೇಳಿತು. "ಈಗ?" ಬೇಡಪ್ಪಾ. ಪಾಸ್‌ವರ್ಡ್ ಕೇಳಿದಾಗಲಂತೂ ತಡೆಯಲಾರದೆ ಮೊದಲ ನಾಲ್ಕು ಅಕ್ಷರ ಜೋರಾಗಿ ಓದಿಯೇಬಿಟ್ಟರು. ಕೊನೆಗೆ ಡೆಸ್ಕ್‌ಟಾಪ್ ಬಂತು. ಅಪ್ಪ ಕಾರ್ಡನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, "ಕೀ ಕೇಳಲೇ ಇಲ್ವಲ್ಲೋ. ಡೂಪ್ಲಿಕೇಟ್ ಕಳಿಸಿದ್ದಾರೆ!" ಅಂದರು.

ಕಸ್ಟಮರ್ ಕೇರ್‌ಗೂ ಫೋನ್ ಹೋಯಿತು. ಆ ಹುಡುಗಿ "ಕೀ ಜೋಪಾನವಾಗಿ ಇಟ್ಕೊಳ್ಳಿ ಸರ್" ಅಂದಳಂತೆ. ಈಗ ಅದು ಬೀರುವಿನಲ್ಲಿ, ಎಲ್‌ಐಸಿ ಬಾಂಡಿನ ಜೊತೆ ಇದೆ.

ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಉಬುಂಟುವಿನ ತಿರುಳಾದ ಲಿನಕ್ಸ್‌ನ ಜಿಪಿಎಲ್ ಲೈಸೆನ್ಸೇ (ಬಳಸುವ, ಹಂಚುವ ಹಕ್ಕು ಕೊಡುವ ಕರಾರು) ಪ್ರತಿ ಮಾಡಿ ದುಡ್ಡಿಗೆ ಮಾರಲು ಬಿಡುತ್ತದೆ. ಹಾಸನಾಂಬೆಯ ದರ್ಶನ ಬಿಟ್ಟಿ, 300, 1000 ರೂಪಾಯಿ ಟಿಕೆಟ್ ಇರೋದು ಉದ್ದನೆ ಸಾಲು ತಪ್ಪಿಸೋಕೆ ತಾನೆ? ಹಾಗೇ ಉಬುಂಟುವಿನ ಸುಮಾರು 6 ಜಿಬಿ ಇಂಟರ್ನೆಟ್‌ನಿಂದ ಇಳಿಸೋದರೊಳಗೆ ಎರಡು ಸಲ ಕರೆಂಟ್ ಹೋಗುವ ಮನೆಯವರು ಪೆನ್‌ಡ್ರೈವ್ ಕೊಳ್ಳಲಿ. ಆದರೆ ಡಬ್ಬದ ಮೇಲೆ '1 ಕಂಪ್ಯೂಟರ್‌ಗೆ ಮಾತ್ರ' ಅಂತ ಅಚ್ಚು ಹಾಕೋದು ಯಾವ ನ್ಯಾಯ ಸ್ವಾಮಿ? ಎಷ್ಟು ಜನಕ್ಕಾದರೂ ಹಂಚಿಕೊಳ್ಳಿ ಅನ್ನೋದೇ ಆ ಲೈಸೆನ್ಸಿನ ಜೀವಾಳ.

ನಾನು ಕಾಲೇಜಿನಲ್ಲಿದ್ದಾಗ ಉಬುಂಟುನವರೇ ಕೇಳಿದವರಿಗೆಲ್ಲ ಸಿ.ಡಿ. ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ವಿದೇಶದ ಲಕೋಟೆ ಬಂದ ದಿನ ಹಾಸ್ಟೆಲ್ಲಿನಲ್ಲಿ ನನ್ನ ಗತ್ತು ನೋಡಬೇಕಿತ್ತು. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹಂಚುತ್ತಿದ್ದೆವು, ಕಂಪ್ಯೂಟರ್ ಇಲ್ಲದವನೂ ಒಂದು ಇಸ್ಕೊಳ್ಳುತ್ತಿದ್ದ. 2011ರಲ್ಲಿ ಅದು ನಿಂತುಹೋಯಿತು.

ಇವತ್ತು ಬೆಳಿಗ್ಗೆ ಎದುರುಮನೆ ಅಂಕಲ್ ಬಂದು ಪೆನ್‌ಡ್ರೈವ್ ಕೇಳಿದರು. ನಾನು ಎದ್ದು ಕೊಡೋದರೊಳಗೆ ಅಪ್ಪ ಅಡ್ಡ ಬಂದರು. "ಒಂದೇ ಕಂಪ್ಯೂಟರ್‌ಗೆ ಅಂತ ಬರೆದಿದೆ, ಆಮೇಲೆ ಕೇಸ್ ಆದರೆ ಯಾರು ಓಡಾಡ್ತಾರೆ?" ಅಂತ ಅಂಗಡಿಯ ಲಿಂಕ್ ಕಳಿಸಿದರು. ಅಂಕಲ್ ಅಲ್ಲೇ ನಿಂತು ಆರ್ಡರ್ ಮಾಡಿದರು. ಅವರಿಗೆ 749ಕ್ಕೇ ಸಿಕ್ಕಿತಂತೆ, ಅಪ್ಪ ಆಗಿನಿಂದ ಮಾತಾಡ್ತಿಲ್ಲ.